ಮಕ್ಕಳ ವಾರ್ಡ್ ಪೋಸ್ಟಿಂಗ್‌ಗೆ ಯಾವ ಹ್ಯಾಂಡ್‌ರಬ್? ಬಾಟಲಿ, ಪಂಪು, ಲೇಬಲ್ ಸಮೇತ ಒಂದು ವಿಮರ್ಶೆ

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ, ಜಿಲ್ಲಾ ಆಸ್ಪತ್ರೆ ಹತ್ತಿರದ ಮೆಡಿಕಲ್ ಶಾಪ್‌ನಲ್ಲಿ ‘ಹ್ಯಾಂಡ್‌ರಬ್ ಕೊಡಿ’ ಅಂದರೆ ಕೌಂಟರಿನ ಮೇಲೆ ಮೂರು ನಾಲ್ಕು ಬಗೆ ಬಂದು ಕೂರುತ್ತವೆ. ನೀರಿಲ್ಲದೆ ಕೈಗೆ ಉಜ್ಜಿಕೊಂಡು ಕ್ರಿಮಿ ಕೊಲ್ಲುವ ಆಲ್ಕೋಹಾಲ್ ದ್ರವ ಅಥವಾ ಜೆಲ್ ಇದು. ನೀರಿನಷ್ಟು ತೆಳುವಾದ ದ್ರವದ 500 ಎಂಎಲ್ ಬಾಟಲಿ, ಅದರದೇ 100 ಎಂಎಲ್ ಮರಿ, ಪರಿಮಳದ ಜೆಲ್, ಬ್ಯಾಗಿಗೆ ನೇತುಹಾಕುವ 50 ಎಂಎಲ್ ಪುಟಾಣಿ. ಪೀಡಿಯಾಟ್ರಿಕ್ ಪೋಸ್ಟಿಂಗ್‌ಗೆ, ಅಂದರೆ ಮಕ್ಕಳ ವಾರ್ಡಿನ ತರಬೇತಿಗೆ, ಹೊರಟ ನರ್ಸಿಂಗ್ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೊನೆಯದನ್ನೇ ಎತ್ತಿಕೊಳ್ಳುತ್ತಾರೆ. ಬೆಲೆ ಕಡಿಮೆ, ನೋಡಲು ಚೆಂದ, ಏಪ್ರನ್ ಜೇಬಿಗೆ ಭಾರವಲ್ಲ. ಮಕ್ಕಳ ವಾರ್ಡಿನ ಮಟ್ಟಿಗೆ ನಾಲ್ಕರಲ್ಲಿ ಅತ್ಯಂತ ಕಡಿಮೆ ಉಪಯೋಗದ್ದು ಅದೇ.

ತೀರ್ಪು ಮೊದಲೇ ಹೇಳಿಬಿಡೋಣ. ಟ್ರಾಲಿಗೆ 500 ಎಂಎಲ್‌ನ ತೆಳು ದ್ರವ, ಜೇಬಿಗೆ ಅದೇ ದ್ರವದ 100 ಎಂಎಲ್. ಆಲ್ಕೋಹಾಲ್ ಪ್ರಮಾಣ 70ರಿಂದ 80 ಪ್ರತಿಶತ. ಕ್ಲೋರ್‌ಹೆಕ್ಸಿಡಿನ್ ಎಂಬ ಇನ್ನೊಂದು ಕ್ರಿಮಿನಾಶಕ ಸೇರಿದ್ದರೆ ಇರಲಿ, ಇಲ್ಲದಿದ್ದರೆ ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ. ಜೆಲ್ ಎರಡನೇ ಆಯ್ಕೆ. ‘ಆಲ್ಕೋಹಾಲ್ ಇಲ್ಲದ್ದು, ಮಕ್ಕಳಿಗೆ ಸುರಕ್ಷಿತ’ ಎಂದು ಬರೆದಿರುವುದು ವಾರ್ಡ್ ಕೆಲಸಕ್ಕೆ ಬೇಡ. ಇನ್ನು ಬಾಟಲಿಗಿಂತ ಹೆಚ್ಚಾಗಿ ನೋಡಬೇಕಾದ್ದು ಪಂಪು. ಅದಕ್ಕೆ ಮುಂದೆ ಬರುತ್ತೇವೆ.

ಮಕ್ಕಳ ವಾರ್ಡಿಗೆ ಬೇರೆ ಅಳತೆ ಯಾಕೆ ಅಂದರೆ, ಅಲ್ಲಿ ಸೋಂಕು ಓಡಾಡುವ ದಾರಿಯೇ ಬೇರೆ. ದೊಡ್ಡವರ ವಾರ್ಡಿನಲ್ಲಿ ರೋಗಿ ತನ್ನ ಮಂಚದಲ್ಲಿರುತ್ತಾರೆ. ಇಲ್ಲಿ ಮಗು ತಾಯಿಯ ಸೊಂಟದ ಮೇಲೆ ವಾರ್ಡೆಲ್ಲ ಸುತ್ತುತ್ತದೆ, ಪಕ್ಕದ ಮಂಚದ ಆಟಿಕೆ ಬಾಯಿಗಿಡುತ್ತದೆ, ಸಿಸ್ಟರ್ ಕೊರಳಲ್ಲಿನ ಸ್ಟೆತಸ್ಕೋಪ್ ಎಳೆಯುತ್ತದೆ. ಮಳೆಗಾಲದಲ್ಲಿ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯಿಂದ ಕೆಮ್ಮು, ಉಬ್ಬಸ ಅಂತ ಮಕ್ಕಳು ಬರತೊಡಗಿದರೆ ಮಂಚಗಳ ನಡುವಿನ ಜಾಗ ಕಿರಿದಾಗುತ್ತಾ ಹೋಗುತ್ತದೆ. ಚಿಕ್ಕ ಮಕ್ಕಳ ಉಸಿರಾಟದ ತೊಂದರೆಗೆ ಮುಖ್ಯ ಕಾರಣವಾದ ಆರ್‌ಎಸ್‌ವಿ ವೈರಸ್ಸು ಮಂಚದ ಕಂಬಿಯಂಥ ಗಟ್ಟಿ ಮೇಲ್ಮೈಯಲ್ಲಿ ಗಂಟೆಗಟ್ಟಲೆ ಬದುಕಿರುತ್ತದೆ, ಅಲ್ಲಿಂದ ಕೈಗೆ, ಕೈಯಿಂದ ಇನ್ನೊಂದು ಮಗುವಿನ ಮೂಗಿಗೆ ದಾಟುತ್ತದೆ. ನವಜಾತ ಶಿಶುಗಳ ಘಟಕದಲ್ಲಂತೂ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳದೇ ಕಾಟ. ಹಲವು ಆಂಟಿಬಯೋಟಿಕ್‌ಗಳಿಗೆ ಜಗ್ಗದ ಇವು ಆಲ್ಕೋಹಾಲಿಗೆ ಮಾತ್ರ ಸುಲಭವಾಗಿ ಸಾಯುತ್ತವೆ. ಔಷಧಿಗೆ ಬಗ್ಗದ್ದು ಮೂರು ಎಂಎಲ್ ಹ್ಯಾಂಡ್‌ರಬ್‌ಗೆ ಬಗ್ಗುತ್ತದೆ ಅನ್ನುವುದು ವಿದ್ಯಾರ್ಥಿಗಳ ತಲೆಯಲ್ಲಿ ಗಟ್ಟಿಯಾಗಿ ಕೂರಬೇಕಾದ ವಿಷಯ.

‘ಆಸ್ಪತ್ರೆ ಸೋಂಕು ಅಂದರೇನು’ ಅಂತ ಕೇಳಿ ನೋಡಿ. ‘ದಾಖಲಾಗಿ 48 ಗಂಟೆ ಆದಮೇಲೆ ಕಾಣಿಸಿಕೊಳ್ಳುವ ಸೋಂಕು’ ಅಂತ ಥಟ್ಟನೆ ಉತ್ತರ ಬರುತ್ತದೆ. ಬಿ.ಎಸ್ಸಿ ನರ್ಸಿಂಗ್ ಮೂರನೇ ಸೆಮಿಸ್ಟರಿನಲ್ಲೇ ಮೈಕ್ರೋಬಯಾಲಜಿ ಜೊತೆಗೆ ಸೋಂಕು ನಿಯಂತ್ರಣ ಓದಿರುತ್ತಾರಲ್ಲ. ಆದರೆ ಆ 48 ಗಂಟೆ ಮುಖ್ಯವಾಗಿ ಬ್ಯಾಕ್ಟೀರಿಯಾಗಳ ಲೆಕ್ಕ. ಚಿಕನ್‌ಪಾಕ್ಸ್ ಮೈಯೊಳಗೆ ಹೊಕ್ಕು ಹೊರಬೀಳಲು 10ರಿಂದ 21 ದಿನ ಬೇಕು. ವಾರ್ಡಿನಲ್ಲಿ ಅಂಟಿಸಿಕೊಂಡ ಮಗು ಅರಕಲಗೂಡಿಗೋ ಕೊಪ್ಪಕ್ಕೋ ಮನೆಗೆ ಹೋದಮೇಲೆ ಗುಳ್ಳೆ ಏಳುತ್ತವೆ, ಆಸ್ಪತ್ರೆಯ ರಿಜಿಸ್ಟರಿಗೆ ಅದು ಸೇರುವುದೇ ಇಲ್ಲ. ‘ನಮ್ಮ ವಾರ್ಡಿನಲ್ಲಿ ಸೋಂಕು ಇಲ್ಲ’ ಅನ್ನುವ ಧೈರ್ಯ ಅರ್ಧಕ್ಕರ್ಧ ಬರುವುದು ಹೀಗೆ ಕಣ್ಣಿಗೆ ಬೀಳದೆ ಹೋದವುಗಳಿಂದಲೇ.

ಲೇಬಲ್ ಓದುವುದು

ಬಾಟಲಿ ತಿರುಗಿಸಿ ಹಿಂಬದಿಯ ಸಣ್ಣಕ್ಷರ ನೋಡಿ. ನಮ್ಮ ಕಡೆ ಹೆಚ್ಚು ಮಾರಾಟವಾಗುವ ಒಂದು ಬಗೆಯ ಮೇಲೆ ‘ಕ್ಲೋರ್‌ಹೆಕ್ಸಿಡಿನ್ ಗ್ಲುಕೊನೇಟ್ ಸಲ್ಯೂಷನ್ 2.5%’ ಎಂದಿರುತ್ತದೆ, ಪಕ್ಕದ ಇನ್ನೊಂದರ ಮೇಲೆ ‘ಕ್ಲೋರ್‌ಹೆಕ್ಸಿಡಿನ್ ಗ್ಲುಕೊನೇಟ್ 0.5%’ ಎಂದಿರುತ್ತದೆ. ಮೊದಲನೆಯದು ಐದು ಪಟ್ಟು ಪವರ್‌ಫುಲ್ ಅಂದುಕೊಂಡು ಹೆಚ್ಚು ದುಡ್ಡು ಕೊಡುವವರಿದ್ದಾರೆ. ಎರಡೂ ಒಂದೇ. ಸಲ್ಯೂಷನ್ ಅನ್ನುವುದೇ 20 ಪ್ರತಿಶತದ್ದು, ಅದನ್ನು 100ಕ್ಕೆ 2.5ರಂತೆ ಸೇರಿಸಿದರೆ ಉಳಿಯುವುದು 0.5. ಬಾಟಲಿಯ ಮೇಲೆ ಆವರಣದಲ್ಲಿ ಈ ಮಾತು ಬರೆದೂ ಇರುತ್ತದೆ, ಓದುವ ತಾಳ್ಮೆ ಬೇಕು ಅಷ್ಟೇ.

ಆಲ್ಕೋಹಾಲ್ ಲೆಕ್ಕದಲ್ಲೂ ಇಂಥದೇ ಗೊಂದಲ. ಕೆಲವು ಕಂಪನಿಗಳು ಗಾತ್ರದಲ್ಲಿ, ಕೆಲವು ತೂಕದಲ್ಲಿ ಬರೆಯುತ್ತವೆ. ಗಾತ್ರದ ಲೆಕ್ಕದ 70 ಪ್ರತಿಶತ ಎಥನಾಲ್ ಎಂಬ ಆಲ್ಕೋಹಾಲ್ ತೂಕದ ಲೆಕ್ಕಕ್ಕೆ ಬಂದರೆ ಸುಮಾರು 62. ಹೀಗಾಗಿ 62 ಅಂತ ಕಂಡ ತಕ್ಷಣ ಸಪ್ಪೆ ಮಾಲು ಅಂತ ತಳ್ಳಿಹಾಕಬಾರದು, ಮೊದಲು ಯಾವ ಲೆಕ್ಕ ಅಂತ ನೋಡಬೇಕು. ಆಸ್ಪತ್ರೆಗಳಲ್ಲಿ ಹ್ಯಾಂಡ್‌ರಬ್‌ಗೆ ಇನ್ನೊಂದು ಹೆಸರೇ ಆಗಿಹೋಗಿರುವ ಸ್ಟೆರಿಲಿಯಂ 1965ರಲ್ಲಿ ಜರ್ಮನಿಯಲ್ಲಿ ಶುರುವಾದದ್ದು. ಅದರಲ್ಲಿ 100 ಗ್ರಾಂಗೆ 45 ಗ್ರಾಂ 2-ಪ್ರೊಪನಾಲ್, 30 ಗ್ರಾಂ 1-ಪ್ರೊಪನಾಲ್ ಇರುತ್ತದೆ. ಎರಡೂ ಆಲ್ಕೋಹಾಲ್‌ಗಳೇ, ಸೇರಿ ತೂಕದ ಲೆಕ್ಕದಲ್ಲೇ 75. ಅದರಲ್ಲಿ ಕ್ಲೋರ್‌ಹೆಕ್ಸಿಡಿನ್ ಇಲ್ಲ, ಆದರೂ ಕೆಲಸದಲ್ಲಿ ಕೊರತೆ ಇಲ್ಲ.

ಇನ್ನು 95 ಪ್ರತಿಶತ ಇದ್ದರೆ ಇನ್ನೂ ಒಳ್ಳೆಯದಲ್ಲವೇ ಅಂತ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಆಲ್ಕೋಹಾಲ್ ಕ್ರಿಮಿಯ ಪ್ರೊಟೀನನ್ನು ಕೆಡಿಸಿ ಕೊಲ್ಲುವುದು, ಅದಕ್ಕೆ ನೀರಿನ ಅಂಶ ಬೇಕು. ನೀರೇ ಇಲ್ಲದಷ್ಟು ಗಟ್ಟಿಯಾದರೆ ಕೈಯಿಂದ ಬೇಗ ಆರಿಯೂ ಹೋಗುತ್ತದೆ, ಕೆಲಸವೂ ಅರ್ಧಕ್ಕೆ ನಿಲ್ಲುತ್ತದೆ. 60ಕ್ಕಿಂತ ಕೆಳಗಿನದು ಬೇಡ, 80ರ ಮೇಲಿನದಕ್ಕೆ ಆಸೆ ಪಡುವುದೂ ಬೇಡ.

ಕ್ಲೋರ್‌ಹೆಕ್ಸಿಡಿನ್‌ನ ಒಳ್ಳೆಯ ಗುಣವೆಂದರೆ ಆಲ್ಕೋಹಾಲ್ ಆರಿದ ಮೇಲೂ ಚರ್ಮದ ಮೇಲೆ ಸ್ವಲ್ಪ ಹೊತ್ತು ಉಳಿದು ಕೆಲಸ ಮಾಡುವುದು. ಆದರೆ ಸಾಮಾನ್ಯ ಸೋಪು, ಕೆಲವು ಕೈ ಕ್ರೀಮುಗಳು ಅದನ್ನು ನಿಷ್ಕ್ರಿಯ ಮಾಡುತ್ತವೆ. ಗಂಟೆಗೊಮ್ಮೆ ಸೋಪು ಹಾಕಿ ಕೈ ತೊಳೆಯುವ ವಾರ್ಡಿನಲ್ಲಿ ಈ ಲಾಭ ಎಷ್ಟು ಉಳಿಯುತ್ತದೆ ಅನ್ನುವುದೇ ಅನುಮಾನ. ಅದು ಕಣ್ಣಿಗೆ, ಕಿವಿಯ ಒಳಭಾಗಕ್ಕೆ ಹಾನಿಕರ ಎಂಬುದನ್ನೂ ಮಕ್ಕಳ ನಡುವೆ ಕೆಲಸ ಮಾಡುವವರು ಮರೆಯುವಂತಿಲ್ಲ. ಕೈಗೆ ಹಾಕಿಕೊಳ್ಳುವ ದ್ರವವನ್ನೇ ಹತ್ತಿಯಲ್ಲಿ ಅದ್ದಿ ಹಸುಗೂಸಿನ ಚರ್ಮ ಒರೆಸುವುದಂತೂ ಕೂಡದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ಚರ್ಮಕ್ಕೆ ಇದರಿಂದ ಸುಟ್ಟ ಗಾಯವಾಗಬಹುದು.

ದ್ರವ, ಜೆಲ್, ಸ್ಪಿರಿಟ್

ತೆಳು ದ್ರವದ ಬಗ್ಗೆ ಇರುವ ಒಂದೇ ದೂರು: ಬೆರಳ ಸಂದಿಯಿಂದ ಸೋರಿ ನೆಲಕ್ಕೆ ಬೀಳುತ್ತದೆ. ನಿಜ. ಆದರೆ ಸೋರುವಷ್ಟು ತೆಳುವಾದ್ದರಿಂದಲೇ ಉಗುರಿನ ಬುಡಕ್ಕೂ ಇಳಿಯುತ್ತದೆ. ಜೆಲ್ ಅಂಗೈಯಲ್ಲಿ ಮುದ್ದೆಯಾಗಿ ಕೂರುತ್ತದೆ, ಹಿಡಿತ ಸುಲಭ, ಹೊಸಬರಿಗೆ ಇಷ್ಟ. 2002ರಲ್ಲಿ ಯುರೋಪಿನಲ್ಲಿ ಹತ್ತು ಜೆಲ್‌ಗಳನ್ನು ಅಲ್ಲಿನ ಇಎನ್ 1500 ಮಾನದಂಡದಲ್ಲಿ ಪರೀಕ್ಷಿಸಿದಾಗ 30 ಸೆಕೆಂಡಿನ ಉಜ್ಜುವಿಕೆಯಲ್ಲಿ ಒಂದೂ ಪಾಸಾಗಲಿಲ್ಲ. ಆಮೇಲೆ ಆಲ್ಕೋಹಾಲ್ ಹೆಚ್ಚಿಸಿದ ಒಳ್ಳೆಯ ಜೆಲ್‌ಗಳು ಬಂದಿವೆ, ಹಾಗಾಗಿ ಜೆಲ್ ಅಂದರೆ ಕೆಟ್ಟದ್ದು ಅನ್ನುವಂತಿಲ್ಲ. ಪರಿಮಳ, ಮಿನುಗು ತುಂಬಿ ಆಲ್ಕೋಹಾಲ್ ಎಷ್ಟು ಅಂತ ಹೇಳದ ಅಗ್ಗದ ಜೆಲ್‌ಗಳಿಗೆ ಮಾತ್ರ ವಾರ್ಡಿನಲ್ಲಿ ಜಾಗ ಇಲ್ಲ. ಇನ್ನೊಂದು ಕಿರಿಕಿರಿ: ಏಳೆಂಟು ಸಲ ಹಾಕಿಕೊಂಡ ಮೇಲೆ ಜೆಲ್‌ನ ಅಂಟು ಕೈಯಲ್ಲಿ ಪದರವಾಗಿ ನಿಂತು, ಉಜ್ಜಿದರೆ ಬಿಳಿ ಬತ್ತಿಯಂತೆ ಉದುರುತ್ತದೆ. ಮಲೆನಾಡಿನ ಜುಲೈ ತಿಂಗಳ ಥಂಡಿಯಲ್ಲಿ ಇದು ಆರುವುದಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಆರುವ ಮೊದಲೇ ಗ್ಲೌಸ್ ಏರಿಸಿಕೊಂಡರೆ ಕೈ ತುರಿಕೆ.

ಕೆಲವು ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಸರ್ಜಿಕಲ್ ಸ್ಪಿರಿಟ್ಟನ್ನೇ ಹಳೇ ಬಾಟಲಿಗೆ ತುಂಬಿ ‘ಹ್ಯಾಂಡ್‌ರಬ್’ ಅಂತ ಚೀಟಿ ಅಂಟಿಸಿಡುವ ಪದ್ಧತಿ ಉಂಟು. ಕ್ರಿಮಿ ಸಾಯಬಹುದು, ಆದರೆ ಚರ್ಮಕ್ಕೆ ತೇವ ಕೊಡುವ ಅಂಶ ಇಲ್ಲದ್ದರಿಂದ ನಾಲ್ಕು ದಿನದಲ್ಲಿ ಗೆಣ್ಣು ಬಿರಿಯುತ್ತದೆ. ಬಿರಿದ ಕೈಗೆ ಉರಿ, ಉರಿಯುವ ಕೈಯವರು ಆಮೇಲೆ ಬಾಟಲಿ ಕಡೆ ತಲೆ ಹಾಕುವುದಿಲ್ಲ.

ಆಸ್ಪತ್ರೆಯ ಫಾರ್ಮಸಿಯೇ ತಯಾರಿಸುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಬೇರೆ ಮಾತು, ಅದು ಗೌರವದ ಮಾಲು. ಹತ್ತು ಲೀಟರಿಗೆ 96 ಪ್ರತಿಶತದ ಎಥನಾಲ್ 8,333 ಎಂಎಲ್, 3 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡ್ 417 ಎಂಎಲ್, ಗ್ಲಿಸರಿನ್ 145 ಎಂಎಲ್, ಉಳಿದದ್ದು ಕಾಯಿಸಿ ಆರಿಸಿದ ಅಥವಾ ಡಿಸ್ಟಿಲ್ಡ್ ನೀರು. ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸುವುದಾದರೆ 99.8 ಪ್ರತಿಶತದ್ದು 7,515 ಎಂಎಲ್. ಪೆರಾಕ್ಸೈಡ್ ಇಲ್ಲಿ ಕೈ ಶುದ್ಧಿಗಲ್ಲ, ದ್ರವದಲ್ಲಿ, ಬಾಟಲಿಯಲ್ಲಿ ಗಟ್ಟಿ ಕವಚ ಹೊದ್ದು ಅಡಗಿರುವ ಬ್ಯಾಕ್ಟೀರಿಯಾ ಸ್ಪೋರ್‌ಗಳಿಗೆ. ಅದಕ್ಕೇ ತುಂಬಿದ ಬಾಟಲಿಗಳನ್ನು 72 ಗಂಟೆ ಮುಟ್ಟದೆ ಇಡಬೇಕು. ಅವಸರಕ್ಕೆ ಬಿದ್ದು ಮಾರನೇ ದಿನವೇ ವಾರ್ಡಿಗೆ ಕಳಿಸಿದರೆ ಪೆರಾಕ್ಸೈಡ್ ಹಾಕಿಯೂ ಹಾಕದಂತೆ. ಗ್ಲಿಸರಿನ್‌ನಿಂದ ಕೈ ಸ್ವಲ್ಪ ಜಿಗುಟು ಅನ್ನಿಸುತ್ತದೆ, ಸಹಿಸಿಕೊಳ್ಳಬೇಕು. ಇಷ್ಟನ್ನು ಓದಿಕೊಂಡು ಹಾಸ್ಟೆಲಿನ ಬಕೆಟ್ಟಿನಲ್ಲಿ ಪ್ರಯೋಗ ಮಾಡಲು ಹೋಗಬೇಡಿ. ಎಂಟು ಲೀಟರ್ ಎಥನಾಲ್ ಹತ್ತಿರ ಒಂದು ಕಿಡಿ ಸಾಕು.

ಪಂಪಿನ ಪರೀಕ್ಷೆ

ಒಂದು ಸಲಕ್ಕೆ ಬೇಕಾದದ್ದು ಅಂಗೈ ಗುಳಿ ತುಂಬುವಷ್ಟು, ಅಂದಾಜು 3 ಎಂಎಲ್. ವಾರ್ಡಿನಲ್ಲಿ ನಡೆಯುವುದು ಏನೆಂದರೆ, ಪಂಪನ್ನು ಒಂದು ಸಲ ಅರ್ಧಕ್ಕೆ ಒತ್ತಿ, ಎರಡು ಹನಿ ಬಂದದ್ದನ್ನು ಅಂಗೈಗೆ ಅಂಗೈ ಉಜ್ಜಿ, ನಡೆಯುತ್ತಲೇ ಮುಂದಿನ ಮಂಚಕ್ಕೆ ಹೋಗುವುದು. ಹತ್ತು ಸೆಕೆಂಡಿನಲ್ಲಿ ಕೈ ಆರಿತೆಂದರೆ ದ್ರವ ಸಾಲಲಿಲ್ಲ ಎಂದರ್ಥ. ಸರಿಯಾದ ಪ್ರಮಾಣ ಹಾಕಿಕೊಂಡರೆ ಆರಲು 20ರಿಂದ 30 ಸೆಕೆಂಡ್ ಬೇಕೇ ಬೇಕು. ಗಡಿಯಾರ ನೋಡಬೇಕಿಲ್ಲ, ಕೈಯೇ ಹೇಳುತ್ತದೆ.

ಪಂಪು ಎಷ್ಟು ಕೊಡುತ್ತದೆ ಅಂತ ಅಳೆಯುವುದು ಸುಲಭ. 10 ಎಂಎಲ್ ಸಿರಿಂಜಿನ ಪ್ಲಂಜರ್ ಹೊರತೆಗೆದು, ಸೂಜಿ ಕೂರುವ ತುದಿಗೆ ಕ್ಯಾಪ್ ಹಾಕಿ, ನೆಟ್ಟಗೆ ಹಿಡಿಯಿರಿ. ಪಂಪನ್ನು ಒಂದೆರಡು ಸಲ ಹೊರಗೆ ಒತ್ತಿ ಗಾಳಿ ತೆಗೆದು, ಆಮೇಲೆ ಐದು ಸಲ ಪೂರ್ತಿ ಒತ್ತಿ ಸಿರಿಂಜಿನೊಳಗೆ ಬಿಡಿ. ಏಳೂವರೆ ಎಂಎಲ್ ಬಂದರೆ ಒತ್ತಿಗೆ ಒಂದೂವರೆ, ಅಂದರೆ ಒಂದು ಸಲದ ಕೈ ಶುದ್ಧಿಗೆ ಎರಡು ಒತ್ತು. ಐದೇ ಬಂದರೆ ಮೂರು ಒತ್ತು. ‘ಎರಡು ಒತ್ತು’ ಅಥವಾ ‘ಮೂರು ಒತ್ತು’ ಅಂತ ಮಾರ್ಕರಿನಲ್ಲಿ ಬಾಟಲಿ ಮೇಲೆ ಬರೆದುಬಿಡಿ. ಗೋಡೆಯ ಮೇಲಿನ ಬಣ್ಣಬಣ್ಣದ ಪೋಸ್ಟರಿಗಿಂತ ಈ ಎರಡು ಪದ ಹೆಚ್ಚು ಕೆಲಸ ಮಾಡುತ್ತವೆ.

ಪಂಪು ಕೆಡುವುದೂ ಒಂದೇ ರೀತಿಯಲ್ಲ. ಮೂತಿಯಲ್ಲಿ ಒಣಗಿದ ಅಂಟು ಕಟ್ಟಿಕೊಂಡು ದ್ರವ ಪಕ್ಕಕ್ಕೆ ಚಿಮ್ಮುವುದು ಜೆಲ್ ಬಾಟಲಿಗಳಲ್ಲಿ ಸಾಮಾನ್ಯ. ಮಕ್ಕಳ ವಾರ್ಡಿನಲ್ಲಿ ಇದು ಅಪಾಯ. ದೊಡ್ಡವರ ಸೊಂಟದ ಎತ್ತರಕ್ಕೆ ಗೋಡೆಗೆ ಹೊಡೆದ ಡಿಸ್ಪೆನ್ಸರಿನ ಮೂತಿ ಮೂರು ನಾಲ್ಕು ವರ್ಷದ ಮಗುವಿನ ಕಣ್ಣಿನ ನೇರಕ್ಕೇ ಬರುತ್ತದೆ. ಕಣ್ಣಿಗೆ ಬಿತ್ತೆಂದರೆ ತಕ್ಷಣ ಶುದ್ಧ ನೀರಿನಲ್ಲಿ 15 ನಿಮಿಷ ತೊಳೆದು, ಡಾಕ್ಟರಿಗೆ ತೋರಿಸಬೇಕು. ಮಗು ಕುಡಿದುಬಿಡುವ ಭಯವೂ ಇದೆ. ಸಣ್ಣ ಮಗುವಿನ ಹೊಟ್ಟೆಗೆ ಹೋದ ಎಥನಾಲ್ ರಕ್ತದ ಸಕ್ಕರೆಯನ್ನು ಇಳಿಸಿಬಿಡುತ್ತದೆ, ಹಣ್ಣಿನ ವಾಸನೆಯ ನೀಲಿ ದ್ರವ ಮಗುವಿಗೆ ಶರಬತ್ತಿನಂತೆಯೇ ಕಾಣುತ್ತದೆ. ಹಾಗಾಗಿ ದೊಡ್ಡವರ ವಾರ್ಡಿನಂತೆ ಪ್ರತಿ ಮಂಚದ ಕಾಲಿಗೂ ಒಂದೊಂದು ಬಾಟಲಿ ಸಿಕ್ಕಿಸುವ ಪದ್ಧತಿ ಇಲ್ಲಿ ಒಗ್ಗುವುದಿಲ್ಲ. ಟ್ರಾಲಿಯ ಮೇಲಿನ ಹಂತದಲ್ಲಿ ಒಂದು, ಜೇಬಿನಲ್ಲಿ ಒಂದು. ಜೇಬಿನ ಬಾಟಲಿಗೆ ಅಂಕ ಕೊಡುವುದೂ ಈ ಕಾರಣಕ್ಕೇ.

ಜೇಬಿಗೆ 50 ಎಂಎಲ್ ಯಾಕೆ ಸಾಲದು ಅಂದರೆ, ಸಲಕ್ಕೆ 3 ಎಂಎಲ್‌ನಂತೆ ಹದಿನಾರು ಸಲಕ್ಕೆ ಖಾಲಿ. ಬೆಳಗಿನ ಡ್ಯೂಟಿಯಲ್ಲಿ ನಾಲ್ಕು ಮಕ್ಕಳ ಜವಾಬ್ದಾರಿ ಇದ್ದರೆ ಟೆಂಪರೇಚರ್, ಇಂಜೆಕ್ಷನ್, ಡ್ರಿಪ್ ಅಂತ ರೌಂಡ್ಸ್ ಮುಗಿಯುವ ಹೊತ್ತಿಗೆ ಬಾಟಲಿಯೂ ಮುಗಿದಿರಬೇಕು. ಅದು ವಾರಗಟ್ಟಲೆ ಬರುತ್ತಿದೆ ಎಂದರೆ ತಪ್ಪು ಬಾಟಲಿಯದಲ್ಲ. 100 ಎಂಎಲ್‌ನದು 33 ಸಲ ಬರುತ್ತದೆ. ಕೊಳ್ಳುವಾಗ ಎಂಆರ್‌ಪಿಯನ್ನು ಹೀಗೆ ಸಲಗಳಿಂದ ಭಾಗಿಸಿ ನೋಡಿ, ಪುಟಾಣಿ ಬಾಟಲಿಗಳ ಅಗ್ಗ ಎಂಥದು ಅಂತ ಅಲ್ಲೇ ತಿಳಿಯುತ್ತದೆ.

ಉಜ್ಜುವುದು ಎಲ್ಲಿ ತಪ್ಪುತ್ತದೆ

ಆರು ಹಂತಗಳ ಚಿತ್ರ ಎಲ್ಲ ಸಿಂಕಿನ ಮೇಲೂ ಇದೆ. ಅಂಗೈ, ಕೈಯ ಹಿಂಬದಿ, ಬೆರಳ ಸಂದಿ, ಬೆರಳ ಹಿಂಬದಿ, ಹೆಬ್ಬೆರಳು, ಬೆರಳ ತುದಿ. ವೈವಾ ಪರೀಕ್ಷೆಯಲ್ಲಿ ಎಲ್ಲರೂ ಮಾಡಿ ತೋರಿಸುತ್ತಾರೆ. ವಾರ್ಡಿನಲ್ಲಿ ಬಿಟ್ಟುಹೋಗುವುದು ಹೆಬ್ಬೆರಳು ಮತ್ತು ಬೆರಳ ತುದಿ, ಮಗುವನ್ನು ಮುಟ್ಟುವ ಭಾಗಗಳೂ ಅವೇ. ಇವೆರಡೂ ಪಟ್ಟಿಯ ಕೊನೆಯಲ್ಲಿರುವುದೇ ತೊಂದರೆ. ದ್ರವ ಅಂಗೈಯಲ್ಲಿ ತುಂಬಿರುವಾಗ ಕೈಯ ಹಿಂಬದಿಗೆ ಹೋಗುತ್ತೇವೆ, ತುದಿಗೆ ಬರುವ ಹೊತ್ತಿಗೆ ಕೈ ಆರಿರುತ್ತದೆ. ಬಾಟಲಿ ಒತ್ತಿದ ಕೂಡಲೇ ಬೆರಳ ತುದಿಗಳನ್ನು ಅಂಗೈ ಗುಳಿಯಲ್ಲಿ ಅದ್ದಿ ತಿರುಗಿಸಿ, ಆಮೇಲೆ ಉಳಿದ ಕ್ರಮ ಮಾಡುವುದು ಒಳ್ಳೆಯದು. ಪರೀಕ್ಷಕರು ಕ್ರಮ ಕೇಳಿದರೆ ಪೋಸ್ಟರಿನಂತೆಯೇ ಹೇಳಿ, ಅಂಕ ಕಳೆದುಕೊಳ್ಳುವುದು ಬೇಡ.

ಇದನ್ನು ಕಣ್ಣಿಗೆ ಕಾಣಿಸಲು ಸ್ಕಿಲ್ ಲ್ಯಾಬ್‌ಗಳಲ್ಲಿ ಫ್ಲೋರೆಸೆಂಟ್ ಲೋಷನ್, ಯುವಿ ಟಾರ್ಚ್ ಕಿಟ್ ಇರುತ್ತದೆ. ಒಳ್ಳೆಯ ಸಾಮಾನು, ಆದರೆ ಓದುವ ರೀತಿಯಲ್ಲೇ ಎಡವಟ್ಟು ಆಗುವುದು. ಲೋಷನ್ ಹಚ್ಚಿಕೊಂಡು ಸೋಪಿನಲ್ಲಿ ತೊಳೆದು ನೋಡಿದರೆ ಹೊಳೆಯುವ ಜಾಗ ಕೊಳೆ ಉಳಿದ ಜಾಗ. ಹೊಳೆಯುವ ದ್ರವ ಬೆರೆಸಿದ ಹ್ಯಾಂಡ್‌ರಬ್ ಉಜ್ಜಿಕೊಂಡು ನೋಡಿದರೆ ಹೊಳೆಯದ ಜಾಗ ಬಿಟ್ಟುಹೋದ ಜಾಗ. ಒಂದಕ್ಕೊಂದು ತಿರುಗುಮುರುಗು. ಎರಡೂ ಪ್ರಯೋಗ ಒಂದೇ ತರಗತಿಯಲ್ಲಿ ಮಾಡಿಸಿದರೆ ಅರ್ಧ ಜನ ಕೈಯೆಲ್ಲ ಬೆಳಗುತ್ತಿರುವುದನ್ನು ಕಂಡು ಗಾಬರಿಯಾಗುತ್ತಾರೆ. ಟಾರ್ಚ್ ಕೊಳ್ಳುವುದಾದರೆ 365 ನ್ಯಾನೋಮೀಟರಿನದು ಕೇಳಿ. ಅಗ್ಗದ 395ರದ್ದು ತಾನೇ ನೇರಳೆ ಬೆಳಕು ಚೆಲ್ಲಿ ಸಣ್ಣ ಹೊಳಪನ್ನು ಮುಚ್ಚಿಬಿಡುತ್ತದೆ. ಕೋಣೆ ಕತ್ತಲೆ ಮಾಡಬೇಕು, ಬೆಳಕನ್ನು ಯಾರ ಕಣ್ಣಿಗೂ ಹಿಡಿಯಬಾರದು. ಕಿಟ್ ಇಲ್ಲದ ಕಾಲೇಜಿಗೆ ಪೋಸ್ಟರ್ ಪೇಂಟ್ ಸಾಕು. ಗ್ಲೌಸ್ ಹಾಕಿ, ಒಂದು ಚಮಚ ಬಣ್ಣ ಅಂಗೈಗೆ ಸುರಿದು, ಕಣ್ಣು ಮುಚ್ಚಿಸಿ ಕೈ ಉಜ್ಜಲು ಹೇಳಿ. ಕಣ್ಣು ಬಿಟ್ಟಾಗ ಹೆಬ್ಬೆರಳ ಬುಡ ಬೆಳ್ಳಗೇ ಉಳಿದಿರುತ್ತದೆ.

ಕೈದಾರ, ಬಳೆ, ಉಂಗುರ, ವಾಚು ಬೇಡ. ದೇವರ ದಾರ ಬಿಚ್ಚಲು ಮನಸ್ಸಾಗದವರು ಮೊಣಕೈ ಮೇಲಕ್ಕೆ ಏರಿಸಿಕೊಳ್ಳಲಿ. ಉಗುರು ಅರ್ಧ ಸೆಂಟಿಮೀಟರಿಗಿಂತ ಚಿಕ್ಕದಿರಬೇಕು. ಮೆಹಂದಿ ಬಣ್ಣದಿಂದ ತೊಂದರೆ ಇಲ್ಲ, ಚಕ್ಕೆ ಎದ್ದ ನೇಲ್ ಪಾಲಿಶ್‌ನಿಂದ ಇದೆ.

ಒಂದು ಇಂಜೆಕ್ಷನ್ನಿನಲ್ಲಿ ಎಷ್ಟು ಸಲ

ಕೈ ಶುದ್ಧಿಯ ಐದು ಸಂದರ್ಭಗಳು ಬಾಯಿಪಾಠ: ರೋಗಿಯನ್ನು ಮುಟ್ಟುವ ಮೊದಲು, ಸ್ವಚ್ಛ ಪ್ರಕ್ರಿಯೆಯ ಮೊದಲು, ರಕ್ತ ಮಲ ಮೂತ್ರ ತಗುಲಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಬಾಟಲಿ ಎಲ್ಲಿರಬೇಕು ಅನ್ನುವುದು ಇದನ್ನು ಮಂಚದ ಪಕ್ಕ ನಡೆಸಿ ನೋಡಿದರೆ ಮಾತ್ರ ತಿಳಿಯುತ್ತದೆ.

ಎರಡು ವರ್ಷದ ಮಗು, ಮುಂಗೈಯಲ್ಲಿ ಹಳದಿ ಬಣ್ಣದ 24 ನಂಬರ್ ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ), ಕೈ ಅಲ್ಲಾಡದಂತೆ ಸ್ಪ್ಲಿಂಟ್ ಕಟ್ಟಿದೆ, ಆಂಟಿಬಯೋಟಿಕ್ ಕೊಡಬೇಕು. ಮಂಚದ ಹತ್ತಿರ ಬಂದು ಒಂದು ಸಲ ಹ್ಯಾಂಡ್‌ರಬ್. ಮಗುವಿನ ಕೈ ಹಿಡಿದು, ಕ್ಯಾನುಲಾ ಸುತ್ತ ಕೆಂಪಾಗಿದೆಯೇ, ಊದಿದೆಯೇ, ಮುಟ್ಟಿದರೆ ಅಳುತ್ತದೆಯೇ ನೋಡುತ್ತೀರಿ. ಪ್ಲಾಸ್ಟರ್ ಸರಿ ಮಾಡುತ್ತೀರಿ, ತಾಯಿಗೆ ‘ಕೈ ಅಲ್ಲಾಡದ ಹಾಗೆ ಹಿಡ್ಕೊಳ್ಳಮ್ಮ’ ಅನ್ನುತ್ತೀರಿ, ಮಂಚದ ಕಂಬಿ ಇಳಿಸುತ್ತೀರಿ. ಈಗ ಕ್ಯಾನುಲಾದ ಪೋರ್ಟ್ (ಔಷಧಿ ಹಾಕುವ ಬಾಯಿ) ತೆರೆಯುವ ಮೊದಲು ಎರಡನೇ ಸಲ. ತಪ್ಪುವುದು ಇಲ್ಲೇ. ಒಂದು ನಿಮಿಷದ ಹಿಂದಷ್ಟೇ ಹಾಕಿಕೊಂಡೆನಲ್ಲ ಅನ್ನುವುದು ಮನಸ್ಸಿನ ಲೆಕ್ಕ, ನಡುವೆ ಮುಟ್ಟಿದ ಕಂಬಿಯದು ಬೇರೆ ಲೆಕ್ಕ. ಆಮೇಲೆ ಆಲ್ಕೋಹಾಲ್ ಸ್ವಾಬ್‌ನಿಂದ ಪೋರ್ಟನ್ನು 15 ಸೆಕೆಂಡ್ ತಿರುಗಿಸಿ ಉಜ್ಜಿ, ಆರಲು ಬಿಟ್ಟು, ಸಲೈನ್ ಫ್ಲಶ್, ಔಷಧಿ, ಮತ್ತೆ ಫ್ಲಶ್. ಮಗುವನ್ನು ಬಿಟ್ಟಮೇಲೆ ಮೂರನೇ ಸಲ. ಕೇಸ್ ಶೀಟ್ ಬರೆದು ಹೊರಟಾಗ ಡ್ರಿಪ್‌ನ ವೇಗ ನಿಧಾನವಾಗಿದೆ ಅಂತ ರೆಗ್ಯುಲೇಟರ್ ತಿರುಗಿಸಿದಿರಿ, ಮಗುವನ್ನು ಮುಟ್ಟಲಿಲ್ಲ. ಅಲ್ಲಿಗೆ ನಾಲ್ಕನೇ ಸಲ. ಅತಿ ಹೆಚ್ಚು ಮರೆತುಹೋಗುವುದು ಈ ಕೊನೆಯದು.

ಬಾಟಲಿ ಡ್ಯೂಟಿ ಟೇಬಲ್ಲಿನ ಮೇಲಿದ್ದರೆ ನಾಲ್ಕು ಸಲ ಅಲ್ಲಿಗೆ ಹೋಗಿಬರುವವರು ಯಾರು? ಮೊದಲ ಸಲ ಹೋಗಬಹುದು. ಎರಡನೆಯದು ಖಂಡಿತ ತಪ್ಪುತ್ತದೆ, ರಕ್ತಕ್ಕೆ ನೇರ ದಾರಿ ತೆರೆಯುವ ಘಳಿಗೆ ಅದೇ. ಗ್ಲೌಸ್ ಇದೆಯಲ್ಲ ಅನ್ನುವ ಸಮಾಧಾನವೂ ಬೇಡ. ಗ್ಲೌಸ್ ಏರಿಸುವ ಮೊದಲು, ತೆಗೆದ ಮೇಲೆ ಎರಡೂ ಸಲ ಕೈ ಶುದ್ಧಿ ಬೇಕು. ಗ್ಲೌಸ್ ಮೇಲೆಯೇ ಹ್ಯಾಂಡ್‌ರಬ್ ಸುರಿದು ಮುಂದಿನ ಮಗುವಿಗೆ ಹೋಗುವುದು ಉಳಿತಾಯವಲ್ಲ.

ಹ್ಯಾಂಡ್‌ರಬ್ ಸೋಲುವ ಕಡೆ

ವಾಂತಿ ಭೇದಿ ಮಕ್ಕಳ ಮಂಚದ ಬಳಿ ಸೋಪು ನೀರೇ ಸರಿ. ಕೈಗೆ ಕಣ್ಣಿಗೆ ಕಾಣುವ ಕೊಳೆ ಇದ್ದರೆ ಆಲ್ಕೋಹಾಲ್ ಒಳಗಿಳಿಯುವುದಿಲ್ಲ. ನೋರೋವೈರಸ್‌ನಂಥವು ಆಲ್ಕೋಹಾಲಿಗೆ ಅಷ್ಟಾಗಿ ಬಗ್ಗುವುದಿಲ್ಲ, ಭೇದಿ ತರುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಬ್ಯಾಕ್ಟೀರಿಯಾದ ಸ್ಪೋರ್‌ಗಳಂತೂ ಸಾಯುವುದೇ ಇಲ್ಲ. ಡೈಪರ್ ಬದಲಿಸಿದ ಮೇಲೆ ಗ್ಲೌಸ್ ತೆಗೆದು, ಹರಿಯುವ ನೀರಿನಲ್ಲಿ 40ರಿಂದ 60 ಸೆಕೆಂಡ್ ತೊಳೆದು, ಪೂರ್ತಿ ಒರೆಸಿಕೊಳ್ಳಿ. ಸಿಂಕಿನ ಪಕ್ಕ ನೇತಾಡುವ ಎಲ್ಲರ ಟವೆಲ್‌ನಲ್ಲಿ ಒರೆಸಿದರೆ ತೊಳೆದದ್ದು ವ್ಯರ್ಥ. ಒದ್ದೆ ಕೈಗೇ ಹ್ಯಾಂಡ್‌ರಬ್ ಹಾಕಿಕೊಳ್ಳುವುದು ಇನ್ನೊಂದು ಸಾಮಾನ್ಯ ತಪ್ಪು. ನೀರು ಸೇರಿ ಆಲ್ಕೋಹಾಲ್ ತೆಳುವಾಗುತ್ತದೆ, ಚರ್ಮವೂ ಬೇಗ ಒಡೆಯುತ್ತದೆ. ಸೋಪು ಅಥವಾ ಹ್ಯಾಂಡ್‌ರಬ್, ಒಂದು ಸಲಕ್ಕೆ ಒಂದು.

ಹ್ಯಾಂಡ್‌ರಬ್ ಎಷ್ಟೇ ಒಳ್ಳೆಯದಿದ್ದರೂ ಕೆಲವು ದಾರಿಗಳನ್ನು ಅದು ಮುಚ್ಚಲಾರದು. ಆಕ್ಸಿಜನ್‌ಗೆ ತೇವ ಸೇರಿಸುವ ಹ್ಯುಮಿಡಿಫೈಯರ್‌ಗೆ ನಿನ್ನೆಯ ನೀರಿನ ಮೇಲೆಯೇ ಇಂದಿನ ನೀರು ತುಂಬುವುದು. ಒಂದೇ ನೆಬ್ಯುಲೈಸರ್ ಮಾಸ್ಕ್ ಮೂರು ಮಕ್ಕಳಿಗೆ ಸುತ್ತುವುದು. ಸಲೈನ್ ಬಾಟಲಿಯ ಮುಚ್ಚಳಕ್ಕೆ ಸೂಜಿ ಚುಚ್ಚಿ ಹಾಗೇ ಬಿಟ್ಟು ಇಡೀ ದಿನ ಎಲ್ಲರ ಫ್ಲಶ್ಶಿಗೂ ಅದರಿಂದಲೇ ಎಳೆಯುವುದು. ಹಸುಗೂಸಿಗೆ ಹಾಲು ಹಾಕುವ ಒಳಲೆಯನ್ನು ಪಕ್ಕದ ಮಂಚದ ಅಜ್ಜಿ ಕೇಳಿದರೆಂದು ಕೊಟ್ಟು, ನೀರಲ್ಲಿ ಆಡಿಸಿ ವಾಪಸ್ ಪಡೆಯುವುದು. ಒಳಲೆಯನ್ನು ಪ್ರತಿ ಸಲವೂ ಸೋಪಿನಲ್ಲಿ ತಿಕ್ಕಿ, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಬೇಕು, ಮಗುವಿಗೊಂದು ಒಳಲೆ. ಇದನ್ನು ಅಜ್ಜಿಗೆ ಹೇಳುವುದು ವಿದ್ಯಾರ್ಥಿಗಳ ಕೆಲಸವೇ. ಗದರಿಸಿದರೆ ಕೇಳುವುದಿಲ್ಲ, ‘ಅಜ್ಜಿ, ಆ ಮಗುವಿಗೆ ಭೇದಿ ಇದೆ’ ಅಂದರೆ ತಕ್ಷಣ ಅರ್ಥವಾಗುತ್ತದೆ. ಹಾಲು ಕೊಡುವ ಮೊದಲು ತಾಯಿಯ ಕೈಗೂ ಸೋಪು ನೀರು ಸಾಕು, ಅವರ ಕೈಗೆ ಬಾಟಲಿ ಕೊಟ್ಟು ಕಲಿಸುವುದಾದರೆ ಆರಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಲು ಹೇಳಬೇಕು. ಆಕ್ಸಿಜನ್ ಹುಡ್, ವಾರ್ಮರ್ ಹತ್ತಿರ ಹ್ಯಾಂಡ್‌ರಬ್ ಆರದ ಕೈ ಒಯ್ಯಬಾರದೆನ್ನುವುದೂ ಬೆಂಕಿಯ ಕಾರಣಕ್ಕೇ.

ವಾರ್ಡಿಗೆ ತಿಂಗಳಿಗೆ ಎಷ್ಟು

ಇಂಡೆಂಟ್ (ಸ್ಟೋರಿಗೆ ಕಳಿಸುವ ಬೇಡಿಕೆ ಪಟ್ಟಿ) ಬರೆಯುವ ಇನ್‌ಚಾರ್ಜ್ ಸಿಸ್ಟರ್‌ಗಳಿಗೆ ಈ ಲೆಕ್ಕ ಉಪಯೋಗಕ್ಕೆ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸ್ವಯಂ ಮೌಲ್ಯಮಾಪನ ಪಟ್ಟಿಯಲ್ಲಿ ಸಾವಿರ ರೋಗಿ-ದಿನಗಳಿಗೆ (ಒಬ್ಬ ರೋಗಿ ಒಂದು ದಿನ ಇದ್ದರೆ ಒಂದು ರೋಗಿ-ದಿನ) ಕನಿಷ್ಠ 20 ಲೀಟರ್ ಎಂದಿದೆ. ಇಪ್ಪತ್ತು ಮಂಚದ ವಾರ್ಡ್ ತಿಂಗಳು ಪೂರ್ತಿ ತುಂಬಿದ್ದರೆ 600 ರೋಗಿ-ದಿನ, ಅಂದರೆ 12 ಲೀಟರ್, ಅಂದರೆ 500 ಎಂಎಲ್‌ನ 24 ಬಾಟಲಿ. ತುಂಬಾ ಆಯಿತು ಅನ್ನಿಸಿದರೆ ತಿರುಗಿಸಿ ನೋಡಿ. ಒಂದು ಮಗುವಿಗೆ ದಿನಕ್ಕೆ 20 ಎಂಎಲ್, 3 ಎಂಎಲ್‌ನಂತೆ ಏಳು ಸಲವೂ ಆಗುವುದಿಲ್ಲ. ಡಾಕ್ಟರು, ಸಿಸ್ಟರು, ವಿದ್ಯಾರ್ಥಿಗಳು ಎಲ್ಲರೂ ಸೇರಿ 24 ಗಂಟೆಯಲ್ಲಿ ಏಳು ಸಲ! ಮೇಲಿನ ಒಂದು ಇಂಜೆಕ್ಷನ್ನಿಗೇ ನಾಲ್ಕು ಹೋಯಿತು. ಹಾಗಿರುವಾಗ ತಿಂಗಳಿಗೆ ಐದಾರು ಬಾಟಲಿ ಮಾತ್ರ ಖಾಲಿಯಾಗುವ ವಾರ್ಡಿನಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ಆಡಿಟ್ ಬೇಡ, ಸ್ಟೋರ್ ರಿಜಿಸ್ಟರೇ ಸಾಕು.

ಡಿಸೆಂಬರ್, ಜನವರಿಯ ಚಳಿಯಲ್ಲಿ ಕೈ ಒಡೆಯತೊಡಗಿದರೆ ಹ್ಯಾಂಡ್‌ರಬ್ ಬಿಟ್ಟು ಸೋಪಿಗೆ ಹೋಗುವವರು ಹೆಚ್ಚು. ಆದರೆ ಚರ್ಮವನ್ನು ಹೆಚ್ಚು ಒಣಗಿಸುವುದು ಸೋಪು, ಬಿಸಿನೀರು. ಒಡೆದ ಜಾಗಕ್ಕೆ ಆಲ್ಕೋಹಾಲ್ ತಗುಲಿದರೆ ಉರಿಯುತ್ತದೆ, ಹಾಗಾಗಿ ಬೈಗುಳ ಅದಕ್ಕೆ ಬೀಳುತ್ತದೆ. ಡ್ಯೂಟಿ ಮುಗಿದ ಮೇಲೆ, ಮಲಗುವ ಮುಂಚೆ ಪರಿಮಳ ಇಲ್ಲದ ಕ್ರೀಮ್ ಹಚ್ಚಿಕೊಂಡರೆ ಒಂದು ವಾರದಲ್ಲಿ ಸರಿಹೋಗುತ್ತದೆ. ಡ್ಯೂಟಿ ನಡುವೆ ಎಣ್ಣೆ, ವ್ಯಾಸಲೀನ್ ಬೇಡ, ಲೇಟೆಕ್ಸ್ ಗ್ಲೌಸ್ ಕೆಡುತ್ತದೆ.

ಕೊಳ್ಳುವಾಗ ಬಿಲ್ ತೆಗೆದುಕೊಳ್ಳಿ, ಅದರಲ್ಲಿ ಬ್ಯಾಚ್ ನಂಬರ್ ಇರಲಿ. ಬಾಟಲಿ ಮೇಲೆ ತಯಾರಿಕಾ ಲೈಸೆನ್ಸ್ ಸಂಖ್ಯೆ, ಆಲ್ಕೋಹಾಲಿನ ಹೆಸರು ಮತ್ತು ಪ್ರಮಾಣ, ಎಕ್ಸ್‌ಪೈರಿ ಮೂರೂ ಕಾಣಬೇಕು. ‘ಆಲ್ಕೋಹಾಲ್ ಬೇಸ್ಡ್’ ಎಂದಷ್ಟೇ ಬರೆದಿರುವ, ಲೀಟರ್ ಕ್ಯಾನಿನಲ್ಲಿ ಬಿಡಿಯಾಗಿ ಸಿಗುವ ಮಾಲು ಬೇಡ. 2020ರಲ್ಲಿ ಬೇಡಿಕೆ ಏರಿದಾಗ ಮೆಥನಾಲ್ ಬೆರೆತ ಸ್ಯಾನಿಟೈಸರ್‌ಗಳು ಹಲವು ದೇಶಗಳಲ್ಲಿ ಸಿಕ್ಕಿಬಿದ್ದವು, ಮೆಥನಾಲ್ ಚರ್ಮದ ಮೂಲಕವೂ ಒಳಗೆ ಹೋಗುವ ವಿಷ. ಮೂರು ನಾಲ್ಕು ಜನ ಸೇರಿ 500 ಎಂಎಲ್ ಕೊಂಡು ಜೇಬಿನ ಬಾಟಲಿಗೆ ಹಂಚಿಕೊಳ್ಳುವುದಾದರೆ ಹಂಚಿಕೊಳ್ಳಿ, ಆದರೆ ಉಳಿದದ್ದರ ಮೇಲೆಯೇ ತುಂಬಬೇಡಿ. ಖಾಲಿ ಮಾಡಿ, ತೊಳೆದು, ಒಳಗೆ ಪೂರ್ತಿ ಒಣಗಿಸಿ, ತುಂಬಿದ ತಾರೀಖು, ಬ್ಯಾಚ್, ಎಕ್ಸ್‌ಪೈರಿ ಬರೆದ ಪಟ್ಟಿ ಅಂಟಿಸಿ. ಹಾಸನದ ಕೆಲವು ಅಂಗಡಿಗಳಲ್ಲಿ 500 ಎಂಎಲ್ ಬಾಟಲಿಯನ್ನು ಬರೀ ಮುಚ್ಚಳದೊಂದಿಗೆ ಕೊಟ್ಟು ಪಂಪಿಗೆ ಬೇರೆ ದುಡ್ಡು ಕೇಳುತ್ತಾರೆ. ಕೊಡಿ. ಬಾಟಲಿಯ ಕುತ್ತಿಗೆಗೆ ಅದು ಸರಿಯಾಗಿ ಕೂರುತ್ತದೆಯೇ ಎಂದು ಅಲ್ಲೇ ತಿರುಗಿಸಿ ನೋಡಿಕೊಂಡು ಬನ್ನಿ.